ಮುಖ ಕೊಟ್ಟವನ ಬೆನ್ನು

ಮಾನ್ಯ ವಾಚಕ ಮಹಾಶಯರಲ್ಲಿ ವಿನಯಪೂರ್ವಕ ವಿಜ್ಞಾಪನೆ. ಮುಂದೆ ನಿರೂಪಿತವಾಗುವ ವೃತ್ತಾಂತದಲ್ಲಿ ಕೊಲೆಯಾಗಲಿ, ಕಳುವಾದ ಹಾರವಾಗಲಿ, ಕೊನೆಯ ಅಧ್ಯಾಯದಲ್ಲಿ ಮುಸುಕು ತೆಗೆಯುವ ಸುಂದರಿಯಾಗಲಿ ಇಲ್ಲವೆಂಬುದನ್ನು ಮೊದಲೇ ನಿವೇದಿಸಿಕೊಳ್ಳುವುದು ನ್ಯಾಯ. ಇಲ್ಲಿರುವುದು ಒಂದು ಚಂದ್ರ, ಒಂದು ಹೊಲಿಗೆ ಯಂತ್ರ ಹಾಗೂ ಒಬ್ಬನ ಬೆನ್ನು. ‘ಅವನು’ ಎಂದು ಬರುವಲ್ಲೆಲ್ಲ ಇದನ್ನು ಬರೆಯುತ್ತಿರುವವನೇ ಎಂದು ತಿಳಿಯತಕ್ಕದ್ದು. ‘ನಾನು’ ಎಂದು ಆರಂಭಿಸಿದಾಗಲೆಲ್ಲ ಮುಖದ ಸಂಗತಿಗಳಷ್ಟೇ ಸಾಲುಗಟ್ಟಿ ಬಂದು, ಬೆನ್ನಿನ ಸಂಗತಿಗಳು ಹೊರಗೇ ನಿಂತುಬಿಡುತ್ತಿದ್ದುದರಿಂದ ಈ ಏರ್ಪಾಡು ಅನಿವಾರ್ಯವಾಯಿತು. ಆಕ್ಷೇಪವಿದ್ದವರು ಇಲ್ಲಿಯೇ ಪುಸ್ತಕ ಮುಚ್ಚಬಹುದು, ಯಾರೂ ನೊಂದುಕೊಳ್ಳುವುದಿಲ್ಲ.

ಆ ದಿನವೂ ಅವನು ಕೆಲಸಕ್ಕೆ ಹಿಮ್ಮುಖವಾಗಿಯೇ ನಡೆದು ಬಂದಿದ್ದ. ಇದರಲ್ಲಿ ವಿಶೇಷವೇನೂ ಇರಲಿಲ್ಲ. ಮನೆ ಬೀದಿಯ ಪಶ್ಚಿಮದ ತುದಿಗಿತ್ತು, ವಿಜ್ಞಾನ ಮಂದಿರ ಪೂರ್ವದ ತುದಿಗೆ. ಅವನ ಮುಖ ಸದಾ ಮನೆಯ ಕಡೆಗೇ ಇರುತ್ತಿದ್ದುದರಿಂದ ಹೋಗುವಾಗ ಬೆನ್ನು ಮುಂದಾಗಿ, ಬರುವಾಗ ಮುಖ ಮುಂದಾಗಿ ನಡೆಯುವುದು, ಅಡ್ಡರಸ್ತೆಯ ಅಂಚೆ ಕಚೇರಿಗೆ ಹೋಗಬೇಕಾದಾಗ ಏಡಿಯಂತೆ ಪಕ್ಕಕ್ಕೆ ಸರಿಯುವುದು ಎಷ್ಟೋ ಕಾಲದಿಂದ ರೂಢಿಯಾಗಿಹೋಗಿತ್ತು. ಉಗುರು ಕಚ್ಚುವವರಿಲ್ಲವೇ, ಮೀಸೆ ಜಗಿಯುವವರಿಲ್ಲವೇ, ಹಾಗೆಯೇ ಇದೂ ಒಂದು ಎಂದು ಅವನು ತನ್ನನ್ನು ತಾನೇ ಸಮಾಧಾನಪಡಿಸಿಕೊಂಡಿದ್ದ. ಬೀದಿಯೂ ಹೊಂದಿಕೊಂಡಿತ್ತು. ತರಕಾರಿಯವಳು ತಲೆಯೆತ್ತದೆಯೇ, “ಎಡಕ್ಕೆ ಬಾ, ಇನ್ನೂ ಎಡಕ್ಕೆ, ಬುಟ್ಟಿ ಇದೆ ಕಣೋ, ಬುಟ್ಟಿ!” ಎಂದು ಕೂಗುವಳು, ಸೈಕಲ್ ರಿಪೇರಿಯವನು ಗಂಟೆ ಬಾರಿಸಿ ಗುಂಡಿಯ ಸುಳಿವು ಕೊಡುವನು, ಅವನಿಗೆ ‘ರಿವರ್ಸ್’ ಎಂದು ಹೆಸರಿಟ್ಟವನೂ ಆತನೇ. ತಾನು ಎಲ್ಲಿಗೆ ಹೋಗುತ್ತಿದ್ದೇನೆಂಬುದು ಅವನಿಗೆ ಎದುರಾದವರ ಗಾಬರಿಯಿಂದಷ್ಟೇ ತಿಳಿಯುತ್ತಿತ್ತು. ಕಣ್ಣಿಗೆ ಕಾಣುತ್ತಿದ್ದುದು ದೂರದೂರವಾಗುತ್ತ ಬೆಂಕಿಪೊಟ್ಟಣದಷ್ಟಾಗುವ ಮನೆಯ ಬಾಗಿಲು ಮಾತ್ರ. ಆ ಬಾಗಿಲಿನೊಳಗೆ, ಕೋಣೆಯ ನಟ್ಟನಡುವೆ, ಹೊಲಿಗೆ ಯಂತ್ರದ ಮುಂದೆ, ದೊಡ್ಡಮ್ಮ.

ವಿಜ್ಞಾನ ಮಂದಿರದಲ್ಲಿ ಅವನದು ಪ್ರಾತ್ಯಕ್ಷಿಕೆಯ ಕೆಲಸ. ದುಂಡು ಕೋಣೆಯ ನಡುವೆ ಕಟಕಟೆ ಹಾಕಿದ ಒಂದು ವೇದಿಕೆ, ಅದೇ ಭೂಮಿ; ನೋಡಲು ಬಂದವರೆಲ್ಲ ಅದನ್ನು ಹತ್ತಿ ನಿಲ್ಲಬೇಕು. ವೇದಿಕೆಯ ಕೆಳಗಿಂದ ಹೊರಟ ಕಬ್ಬಿಣದ ತೋಳಿನ ತುದಿಯಲ್ಲಿ ಕುಂಬಳಕಾಯಿ ಗಾತ್ರದ ಮರದ ಚಂದ್ರ ಗೋಡೆಯ ಗುಂಟ ಅವರನ್ನು ಸುತ್ತುವನು. ಹಿಡಿ ತಿರುಗಿಸುತ್ತ ಪಾಠ ಒಪ್ಪಿಸುವುದು ಅವನ ಪಾಲಿಗೆ ಬಂದದ್ದು. ಆದಿಯಲ್ಲಿ ಚಂದ್ರನು ತನ್ನ ಪಾಡಿಗೆ ತಾನು ಭರದಿಂದ ಗಿರಕಿ ಹೊಡೆಯುತ್ತಿದ್ದನು. ಭೂಮಿಯ ಸೆಳೆತ ಹತ್ತಿರದ ಪಾರ್ಶ್ವದ ಮೇಲೆ ಹೆಚ್ಚು, ದೂರದ ಪಾರ್ಶ್ವದ ಮೇಲೆ ಕಡಿಮೆ. ಆದ್ದರಿಂದ ಚಂದ್ರನ ಮೈ ಎರಡು ಕಡೆಗೂ ಕೊಂಚ ಉಬ್ಬಿತು. ಗಿರಕಿಯ ಭರದಲ್ಲಿ ಆ ಉಬ್ಬು ಮುಂದಕ್ಕೆ ಸರಿಯುವುದು, ಭೂಮಿ ಅದನ್ನು ಹಿಡಿದು ಹಿಂದಕ್ಕೆ ಜಗ್ಗುವುದು, ಸರಿಯುವುದು, ಜಗ್ಗುವುದು. ಒಳಗಿನ ಬಂಡೆಗಳು ಒಂದಕ್ಕೊಂದು ತಿಕ್ಕಿ ಬಿಸಿಯಾಗಿ, ಗಿರಕಿ ಆ ಬಿಸಿಯಲ್ಲಿ ಖರ್ಚಾಗುತ್ತ ಖರ್ಚಾಗುತ್ತ, ಕೊನೆಗೆ ಒಂದು ಸುತ್ತಿಗೆ ಒಂದೇ ಗಿರಕಿ ಎಂಬಲ್ಲಿಗೆ ಬಂದು ನಿಂತಿತು. ಅಂದಿನಿಂದ ನಮಗೆ ಚಂದ್ರನ ಒಂದೇ ಮುಖ. ಹೀಗೆ ಹೇಳುವಾಗಲೆಲ್ಲ ಅವನ ಬಲಗಿವಿ ತನ್ನಷ್ಟಕ್ಕೆ ಬಿಸಿಯಾಗುತ್ತಿತ್ತು. ಹುಡುಗನಾಗಿ ದೊಡ್ಡಮ್ಮನ ಮನೆಗೆ ಬಂದ ಹೊಸತರಲ್ಲಿ ಅವನೂ ಬುಗುರಿಯಂತಿದ್ದ. ಕೋಣೆಯ ಮೂಲೆಮೂಲೆಗೂ ಮುಖ ಮಾಡಿ ಮಾತನಾಡುವನು, ಗೋಡೆಗೆ, ಬಕೆಟ್ಟಿಗೆ, ಬೆಕ್ಕಿಗೆ. ದೊಡ್ಡಮ್ಮ ನೇಯ್ಗೆ ಗಿರಣಿಯಲ್ಲಿ ದುಡಿದು ಮಗ್ಗಗಳ ಸದ್ದಿಗೆ ಎರಡು ಕಿವಿಯನ್ನೂ ಒಪ್ಪಿಸಿ ಬಂದವಳು. ಆ ಗದ್ದಲದಲ್ಲಿ ಗಿರಣಿಯ ಹೆಂಗಸರೆಲ್ಲ ಕಲಿಯುವಂತೆ ತುಟಿ ನೋಡಿಯೇ ಮಾತು ಓದುವುದನ್ನು ಕಲಿತಿದ್ದಳು. ತುಟಿ ಕಾಣದಿದ್ದರೆ ಅವಳ ಪಾಲಿಗೆ ಮನೆಯಲ್ಲಿ ಯಾರೂ ಇಲ್ಲ. “ಮುಖ ಕೊಟ್ಟು ಮಾತಾಡೋ,” ಎನ್ನುತ್ತ ಕೈಗೆ ಸಿಕ್ಕಿದ ಕಿವಿಯನ್ನು ಹಿಡಿದು ತನ್ನ ಕಡೆಗೆ ತಿರುಗಿಸುವಳು. ಅವನು ಮತ್ತೆ ತಿರುಗುವನು, ಅವಳು ಮತ್ತೆ ತಿರುಗಿಸುವಳು. ಆ ದಿನಗಳಲ್ಲಿ ಅವನಿಗೆ ಆಗಾಗ ಜ್ವರ ಬರುತ್ತಿತ್ತು. ಜ್ವರ ಬಿಟ್ಟಾಗ ಗಿರಕಿಯೂ ಬಿಟ್ಟಿತ್ತು.

ಅಂದು ತೋಳಿನೊಳಗಿನ ಹಲ್ಲುಗಾಲಿ ಸವೆದು ಜಾರಿತು. ವೇದಿಕೆ ತುಂಬ ಜನ ನೋಡುತ್ತಿದ್ದಂತೆಯೇ ಚಂದ್ರ, ಸಭೆಯಲ್ಲಿ ಆಕಳಿಸಿದವನಂತೆ, ನಿಧಾನವಾಗಿ ತಿರುಗಿ ಬೆನ್ನು ತೋರಿಸಿಬಿಟ್ಟ. ಬೆನ್ನಿಗೆ ಯಾರೂ ಬಣ್ಣ ಬಳಿದಿರಲಿಲ್ಲ. ಬರಿ ಮರ, ಮೊಳೆಯ ತಲೆಗಳು, ಬಣ್ಣದವನು ಕುಂಚ ಒರೆಸಿದ ಗೀರುಗಳು. ಎಲ್ಲರೂ ನಕ್ಕರು, ಅವನಿಗೆ ತನ್ನ ಬಟ್ಟೆಯೇ ಕಳಚಿದಷ್ಟು ನಾಚಿಕೆಯಾಯಿತು. ಮೇಲ್ವಿಚಾರಕರು ಬಾಗಿಲಲ್ಲಿ ಪ್ರತ್ಯಕ್ಷರಾದರು. ಅವರ ಶೂಗಳು ಯಾವಾಗಲೂ ಅವರಿಗಿಂತ ಮೊದಲು ಬರುತ್ತಿದ್ದವು.

“ಏನ್ರೀ, ಬಾಯಿ ಬಿಟ್ಕೊಂಡು ನಿಂತಿದ್ದೀರಿ? ಚಂದ್ರ ಕೆಟ್ರೆ ಏನಾಯ್ತು, ನೀವಿಲ್ವಾ? ನೀವೇ ಒಂದು ಸುತ್ತು ಬನ್ನಿ. ಮುಖ ಇವರ ಕಡೆ ಇರಲಿ. ಅಷ್ಟೇ ತಾನೆ?”

ಅಷ್ಟೇ. ಅವನು ಗೋಡೆಯ ಗುಂಟ ಹೊರಟ. ಪೂರ್ವದ ಬಾಗಿಲಿನಿಂದ ಆರಂಭಿಸಿದಾಗ ಮುಖ ಸರಿಯಾಗಿ ವೇದಿಕೆಯ ಕಡೆಗೇ ಇತ್ತು. ಕಾಲು ಭಾಗ ಸುತ್ತುವಷ್ಟರಲ್ಲಿ ಅವರಿಗೆ ಅವನ ಕಿವಿ ಕಾಣತೊಡಗಿತು. ಅರ್ಧ ಸುತ್ತಿಗೆ ಅವನು ಪಶ್ಚಿಮದ ಗೋಡೆಯನ್ನು ದಿಟ್ಟಿಸುತ್ತ, ಇಡೀ ಭೂಮಂಡಲಕ್ಕೆ ಬೆನ್ನು ಹಾಕಿ ನಿಂತಿದ್ದ. ಕುತ್ತಿಗೆಯನ್ನು ಕೈಯಿಂದ ಹಿಡಿದು ತಿರುಗಿಸಲು ನೋಡಿದ. ತಿರುಗಲಿಲ್ಲ. ಗೋಡೆಯಾಚೆ, ಬೀದಿಯ ಆಚೆ ತುದಿಯಲ್ಲಿ, ದೊಡ್ಡಮ್ಮ ಇಷ್ಟುಹೊತ್ತಿಗೆ ಅಂಗಿಯ ತೋಳು ಕೂಡಿಸುತ್ತಿರಬಹುದು ಎನ್ನುವುದು ಅವನ ಮೂಗಿನ ತುದಿಗೆ ದಾರ ಕಟ್ಟಿ ಎಳೆದಷ್ಟು ಸ್ಪಷ್ಟವಾಗಿತ್ತು.

ಛತ್ರಿ ಹಿಡಿದ ಹೆಂಗಸೊಬ್ಬಳು ಕಟಕಟೆಗೆ ಒರಗಿ ಹೇಳಿದಳು: “ನೀವು ಹೇಳಿದ್ದೊಂದು, ಮಾಡ್ತಿರೋದೊಂದು. ಚಂದ್ರ ತಿರುಗದೇ ಇರೋದ್ರಿಂದ ಒಂದೇ ಮುಖ ಕಾಣುತ್ತೆ ಅಂತ ನಾನಂದ್ಕೊಂಡಿದ್ದೆ. ನೀವು ತಿರುಗದೇ ಇದ್ದಿದ್ದಕ್ಕೆ ನಮಗೆ ಎಲ್ಲಾ ಕಾಣಿಸ್ತಿದೆಯಲ್ರೀ!”

“ಅದೇ, ಅದೇ,” ಎಂದ ಅವನು ಗೋಡೆಗೆ. “ಒಂದೇ ಮುಖ ತೋರಿಸಬೇಕಾದರೆ ಸುತ್ತು ಮುಗಿಯುವಷ್ಟರಲ್ಲಿ ಒಂದು ಸಲ ತಿರುಗಲೇಬೇಕು. ತಿರುಗದವನ ಬೆನ್ನು ಕಂಡೇ ಕಾಣುತ್ತದೆ.”

“ಹಾಗಾದ್ರೆ ತಿರುಗಿ ತೋರಿಸಿ.”

“ಆಗ್ತಾ ಇಲ್ಲ ಅಮ್ಮ.”

ನಗುವಿನಲ್ಲಿ ಮೇಲ್ವಿಚಾರಕರ ನಗುವೂ ಇತ್ತು. ಅದನ್ನು ಅವನು ಬೆನ್ನಿನಿಂದಲೇ ಗುರುತಿಸಿದ. ಜನ ಹೊರಟುಹೋದ ಮೇಲೆ ಅವರು ಅವನ ಮುಖ ಎಲ್ಲಿದೆಯೋ ಅಲ್ಲಿಗೇ ಬಂದು ನಿಂತರು. ಅವನೊಂದಿಗೆ ಮಾತನಾಡಬೇಕಾದವರೆಲ್ಲ ಹೀಗೆ ಸುತ್ತಿ ಬರಬೇಕಾಗುತ್ತಿತ್ತು. “ನೋಡಿ, ಪ್ರದರ್ಶನದ ವ್ಯಾನು ಸಂಜೆ ಊರೂರು ಸುತ್ತೋಕೆ ಹೊರಡುತ್ತೆ. ಹೋದ ವರ್ಷ ಬರ್ತೀನಿ ಅಂದ್ರಿ, ಬರಲಿಲ್ಲ. ಅದರ ಹಿಂದಿನ ವರ್ಷಾನೂ ಅಷ್ಟೇ. ಮನೇಲಿ ಹೇಳಿ ಬರ್ತೀನಿ ಅಂತ ಹೋದೋರು ಹೋಗೇಬಿಟ್ರಿ. ಈ ಸಲ ನೀವು ಹತ್ತದೇ ಇದ್ರೆ ನಿಮ್ಮ ಜಾಗಕ್ಕೆ ಟೇಪ್ ರೆಕಾರ್ಡರ್ ಬರುತ್ತೆ. ಅದಕ್ಕೆ ದೊಡ್ಡಮ್ಮ ಇಲ್ಲ.”

ಮನೆಗೆ ಮರಳುವ ದಾರಿಯಲ್ಲಿ ಮುಖ ಮುಂದಾಗಿದ್ದುದರಿಂದ ನಡಿಗೆ ಸಲೀಸಾಗಿತ್ತು; ಅದೇ ಅವನಿಗೆ ಅವಮಾನವೆನಿಸಿತು. ಎಲ್ಲಿಗಾದರೂ ಹೋಗಬೇಕೆಂಬ ಆಸೆ ಅವನಲ್ಲಿ ಇಂಥದೆಂದು ಹೇಳಲಾಗದ ಹಸಿವಿನಂತೆ ಬೆಳೆದು ನಿಂತಿತ್ತು. ಇಂಥ ಊರೇ ಎಂದಿಲ್ಲ. ಬೇರೆ ಊರಿನ ಬಸ್ ನಿಲ್ದಾಣದ ಸಿಮೆಂಟು ಬೆಂಚು, ಪರಿಚಯವಿಲ್ಲದ ನಾಯಿ, ತನ್ನನ್ನು ಯಾವ ಹೆಸರಿಂದಲೂ ಕರೆಯದ ಒಬ್ಬ ಕ್ಷೌರಿಕ, ಅಷ್ಟಾದರೂ ಸಾಕಿತ್ತು. ಹೋದ ವರ್ಷ ಹೇಳಲೆಂದು ಬಾಯಿ ತೆರೆದಿದ್ದ, ದೊಡ್ಡಮ್ಮನ ಕಣ್ಣು ಅವನ ತುಟಿಯ ಮೇಲೆ ಬಂದು ಕುಳಿತೊಡನೆ, “ಬಟಾಣಿ ಬೆಂದಿದೆಯಾ?” ಎಂಬ ಮಾತು ಹೊರಬಿದ್ದಿತ್ತು. ಬಟಾಣಿ ಆ ದಿನ ಮನೆಯಲ್ಲಿ ಇರಲೇ ಇಲ್ಲ. ಅವಳ ಮುಂದೆ ಸುಳ್ಳು ಹೇಳುವುದು ಅಸಾಧ್ಯ, ಗೊಣಗುವುದೂ ಅಸಾಧ್ಯ. ಒಂದು ಸಲ ಕನಸಿನಲ್ಲಿ ಬೈದದ್ದನ್ನೂ ಅವಳು ದೀಪ ಹಿಡಿದು ಓದಿ, ಬೆಳಗ್ಗೆ ಕಾಗುಣಿತ ಸಮೇತ ಒಪ್ಪಿಸಿದ್ದಳು. ಹೋಗುತ್ತೇನೆ ಎಂದರೆ ಅವಳಿಗೆ ನೋವಾಗುತ್ತದೆ. ನೋವಾಗುವುದಿಲ್ಲ ಎಂದರೆ ತನಗೆ ನೋವಾಗುತ್ತದೆ. ಈ ಎರಡರ ನಡುವೆ ಅವನು ಬಾಗಿಲು ತಲುಪಿ, ಹೊರಗೆ ಬಿಟ್ಟಿದ್ದ ಜೋಡಿ ಚಪ್ಪಲಿಗಳ ಪಕ್ಕದಲ್ಲಿ ತನ್ನವನ್ನೂ ಬಿಟ್ಟು ಒಳಗೆ ಹೆಜ್ಜೆಯಿಟ್ಟ.

ಕೋಣೆಯ ನಡುವೆ ಯಂತ್ರ, ಯಂತ್ರದ ಹಿಂದೆ ದೊಡ್ಡಮ್ಮ, ಕೊರಳಲ್ಲಿ ಹಾವಿನಂತೆ ಅಳತೆಯ ಟೇಪು. ಮಂಚ, ಬೀರು, ನೀರಿನ ಹೂಜಿ, ಬಟ್ಟೆಯ ಗಂಟುಗಳು ಎಲ್ಲ ಗೋಡೆಗೆ ಒತ್ತಿಕೊಂಡಿದ್ದವು. ಸುತ್ತ ಓಡಾಡಲು ಉಳಿದದ್ದು ಒಬ್ಬನ ಅಗಲದ ದಾರಿ. ಅವನು ಆ ದಾರಿಯಲ್ಲಿ ಅವಳಿಗೆ ಮುಖ ಕೊಟ್ಟೇ ಸರಿಯುತ್ತ ಪೆಟ್ಟಿಗೆಯಿದ್ದ ಮೂಲೆಗೆ ಹೋದ. ಪೆಟ್ಟಿಗೆ ಬೆನ್ನ ಹಿಂದಿತ್ತು. ಕೈಗಳನ್ನು ಹಿಂದಕ್ಕೆ ಚಾಚಿ ಮುಚ್ಚಳ ತೆರೆದು, ಸಿಕ್ಕಿದ್ದನ್ನು ಸಿಕ್ಕಂತೆ ತುಂಬತೊಡಗಿದ. ಮುಖದ ಮೇಲೆ ಮಾತ್ರ ಹವಾಮಾನದ ಬಗ್ಗೆ ಯೋಚಿಸುವವನ ಪ್ರಶಾಂತತೆ.

ಯಂತ್ರ ನಿಂತಿತು. “ಏನೋ ಅದು, ಹಿಂದೆ ಕೈ ಆಡಿಸ್ತಿದ್ದೀಯ?”

“ಏನಿಲ್ಲ ದೊಡ್ಡಮ್ಮ.”

“ಏನಿಲ್ಲ ಅಂತಾನೆ. ಇಸ್ತ್ರಿ ಪೆಟ್ಟಿಗೆ ತುಂಬ್ದೆ. ಹೂಜಿ ಮುಚ್ಚಳ ತುಂಬ್ದೆ. ಈಗ ತಲೆದಿಂಬು ಎಳೀತಿದ್ದೀಯ. ಎಲ್ಲಿಗಾದ್ರೂ ಹೋಗ್ತಿದ್ದೀಯೋ, ಇಲ್ಲ ಮನೇನೇ ಪ್ಯಾಕ್ ಮಾಡ್ತಿದ್ದೀಯೋ?”

“ವ್ಯಾನು,” ಎಂದ. ಆ ಒಂದು ಮಾತಿಗೆ ಗಂಟಲೆಲ್ಲ ಖರ್ಚಾಯಿತು.

“ಅಂತೂ ಬಾಯಿಂದ ಬಿತ್ತು!” ದೊಡ್ಡಮ್ಮ ಕತ್ತರಿಯನ್ನು ಮೇಜಿನ ಮೇಲೆ ಬಡಿದಳು. “ಹೋದ ವರ್ಷ ಬಾಯಿ ತೆಗ್ದು ಬಟಾಣಿ ಅಂದೆ. ಅದರ ಹಿಂದಿನ ವರ್ಷ ಸೋಪು ಅಂದೆ. ನಾನೂ ಕಾಯ್ತಿದ್ದೆ, ಈ ಗಂಡಸು ಯಾವತ್ತು ವ್ಯಾನು ಅಂತಾನೆ ಅಂತ.”

“ನಿನಗೆ ಗೊತ್ತಿತ್ತಾ?”

“ತುಟಿ ಮುಚ್ಚಿದ್ರೆ ಓದಕ್ಕಾಗಲ್ಲ ಅಂದ್ಕೊಂಡಿದ್ದೀಯ? ಮುಚ್ಚಿದ ತುಟೀನೇ ಓದೋಕೆ ಸುಲಭ, ಅಕ್ಷರ ದಪ್ಪ ಇರುತ್ತೆ.” ಅವಳು ಕತ್ತು ಮುಂದಕ್ಕೆ ಚಾಚಿದಳು. “ಇಲ್ಲಿ ನೋಡು, ನರ ಹೇಗೆ ಹೊರಳಿಕೊಂಡಿದೆ ನೋಡು. ನೀನು ಆ ಕಡೆ ಹೋದ್ರೆ ಆ ಕಡೆ, ಈ ಕಡೆ ಬಂದ್ರೆ ಈ ಕಡೆ. ಹೊಲಿಗೆ ಮೇಲೆ ಕಣ್ಣಿಟ್ಟು ಎಷ್ಟು ಕಾಲ ಆಯ್ತು! ಈ ಊರಿನ ಅರ್ಧ ಗಂಡಸರ ಕಾಲರು ಸೊಟ್ಟ ಇರೋದು ನಿನ್ನಿಂದ. ನನ್ನ ಹಿಂದೆ ಕಿಟಕಿ ಇದೆ, ಅದರಾಚೆ ಏನಿದೆ ಅಂತ ನನಗೆ ಮರ್ತೇ ಹೋಗಿದೆ.”

“ಮತ್ತೆ ಯಾಕೆ ನೋಡ್ತಿದ್ದೆ?”

“ನೀನು ಮುಖ ಕೊಟ್ಕೊಂಡು ನಿಂತಿರ್ತೀಯಲ್ಲ! ನೋಡ್ದೇ ಇದ್ರೆ ನೊಂದ್ಕೋತೀಯ ಅಂತ ನೋಡ್ತಿದ್ದೆ.”

“ನೀನು ನೋಡ್ತೀಯ ಅಂತ ನಾನು ಕೊಡ್ತಿದ್ದೆ.”

ಮಂದಿರದ ಪಾಠದ ಕೊನೆಯಲ್ಲಿ ಅವನು ಹೊತ್ತಾಯಿತೆಂದು ಯಾವಾಗಲೂ ಬಿಟ್ಟುಬಿಡುತ್ತಿದ್ದ ಎರಡು ಸಾಲುಗಳಿದ್ದವು: ಚಿಕ್ಕದು ದೊಡ್ಡದನ್ನೂ ಅಷ್ಟಿಷ್ಟು ಜಗ್ಗುತ್ತಲೇ ಇರುತ್ತದೆ, ಕೆಲವು ಜೋಡಿಗಳಲ್ಲಿ ಎರಡೂ ಪರಸ್ಪರ ಕಟ್ಟುಬಿದ್ದು, ಒಂದರ ಮುಖವನ್ನು ಇನ್ನೊಂದು ದಿಟ್ಟಿಸುತ್ತಲೇ ಸುತ್ತುತ್ತವೆ. ಬಿಡಬಾರದಾಗಿತ್ತು ಎನಿಸಿತು. ಇಷ್ಟು ಕಾಲ ತಾನೊಬ್ಬನೇ ಕಟ್ಟಿಹಾಕಿಸಿಕೊಂಡಿದ್ದೇನೆಂಬ ಒಂದು ಸಣ್ಣ ಹೆಮ್ಮೆ ಅವನೊಳಗೆ ಬೆಚ್ಚಗೆ ಮಲಗಿತ್ತು. ಅದನ್ನು ಯಾರೋ ಕಾಲಿನಿಂದ ತಿವಿದು ಎಬ್ಬಿಸಿದಂತಾಯಿತು.

ಅಡುಗೆಮನೆಯ ಕಡೆಯಿಂದ ದೊಡ್ಡಮ್ಮನ ಮಗಳು, ಅವನ ತಂಗಿ, ಕೈ ಒರೆಸಿಕೊಳ್ಳುತ್ತ ಬಂದು, ಇಬ್ಬರಿಗೂ ಕಾಣುವಂತೆ ನಡುವೆ ನಿಂತಳು. “ಹೇಗೂ ಎಲ್ಲಾ ಮಾತಾಡ್ತಿದ್ದೀರ. ನಾನೂ ಒಂದು ಹೇಳ್ಬಿಡ್ತೀನಿ. ನನಗೆ ಮದುವೆಯಾಗಿದೆ.”

“ಯಾವಾಗ?” ಎಂದರು ಇಬ್ಬರೂ.

“ಹೋದ ವರ್ಷ. ಅಣ್ಣ ಬಟಾಣಿ ಅಂದನಲ್ಲ, ಅವತ್ತು. ಹೇಳೋಣ ಅಂತಲೇ ಬಂದೆ. ನೀವಿಬ್ಬರೂ ಒಬ್ಬರನ್ನೊಬ್ಬರು ನೋಡ್ಕೊಂಡು ಕೂತಿದ್ರಿ. ಸರಿ, ಮುಗಿಸ್ಕೊಂಡು ಬರ್ತೀನಿ ಅಂತ ಹೋದೆ.”

“ಹುಡುಗ ಎಲ್ಲಿ?”

“ಇಲ್ಲೇ ಇದ್ದಾರೆ. ಆವತ್ತಿಂದ ಇಲ್ಲೇ ಇದ್ದಾರೆ. ದಿನಾ ನಿಮ್ಮಿಬ್ಬರ ಮಧ್ಯೆ ಕೂತೇ ಊಟ ಮಾಡ್ತಾರೆ.”

ಅಡುಗೆಮನೆಯ ಬಾಗಿಲಲ್ಲಿ ಕನ್ನಡಕ ಹಾಕಿದ ಸಾಧು ಮುಖವೊಂದು ಮೂಡಿ, “ನಮಸ್ಕಾರ ಅತ್ತೆ. ನಮಸ್ಕಾರ ಭಾವ,” ಎಂದಿತು. ಹೊರಗಿನ ಜೋಡಿ ಚಪ್ಪಲಿ ತನ್ನದೇ ಎಂದುಕೊಂಡು ಅವನು ಎಷ್ಟೋ ಸಲ ಮೆಟ್ಟಿ ಹೋಗಿದ್ದುದು ನೆನಪಾಗಿ ಕಾಲ್ಬೆರಳುಗಳು ಸಂಕೋಚದಿಂದ ಮುದುಡಿದವು. ದೊಡ್ಡಮ್ಮ ಅಳಿಯನನ್ನು ಅಡಿಯಿಂದ ಮುಡಿಯವರೆಗೆ ಅಳೆದು, “ಎದೆ ಸಣ್ಣ. ಇರಲಿ,” ಎಂದಳು. ಆಮೇಲೆ ಅವನ ಕಡೆಗೆ ಹೊರಳಿದಳು. “ಇನ್ನು ನೀನು ತಿರುಗು.”

“ನೀನು ಮೊದಲು ತಿರುಗು ದೊಡ್ಡಮ್ಮ.”

“ದೊಡ್ಡವಳಿಗೆ ಹೇಳ್ತೀಯ? ಹೋಗೋನು ನೀನು. ತಿರುಗು.”

ಅವಳ ಕೈ ಕಿವಿಯತ್ತ ಬರುವುದೆಂದು ಅವನು ಕಾದ. ಬರಲಿಲ್ಲ. ಯಾರೂ ಹಿಡಿಯದ, ಯಾರೂ ಜಗ್ಗದ ಅವನ ಎರಡು ಕಿವಿಗಳು ಗಾಳಿಯಲ್ಲಿ ಸುಮ್ಮನೆ ನಿಂತಿದ್ದವು. ಅವನು ಎಡಗಾಲನ್ನು ಎತ್ತಿ ಒಂದಿಷ್ಟು ಆಚೆಗಿಟ್ಟ. ಬಂಡೆಗೆ ಬಂಡೆ ತಿಕ್ಕಿದಂತೆ ಬೆನ್ನುಹುರಿಯಲ್ಲಿ ಬಿಸಿಯೇರಿತು; ಬೆವರು ಕಿತ್ತುಬಂದು ಮಂದಿರದ ಕೋಟನ್ನು ಬಿಚ್ಚಿ ಎಸೆದ. ಮತ್ತೊಂದು ಹೆಜ್ಜೆ. ಅವಳ ಮುಖ ಕಣ್ಣಂಚಿಗೆ ಸರಿದು, ಅಂಚಿನಲ್ಲೇ ಕ್ಷಣಕಾಲ ತೂಗಾಡಿ, ಮುಳುಗಿತು. ಎದುರಿಗೆ ಗೋಡೆಯಿತ್ತು. ಇಷ್ಟು ಹತ್ತಿರದಿಂದ ನೋಡಿದರೆ ಅದರ ಸುಣ್ಣದಲ್ಲಿ ಸಣ್ಣ ಸಣ್ಣ ನದಿಗಳಂಥ ಬಿರುಕುಗಳಿದ್ದವು.

ಹಿಂದಿನಿಂದ ದೊಡ್ಡಮ್ಮ ಚೀರಿದಳು. “ಅಯ್ಯೋ! ಇದೇನೋ ಇದು ಅಂಗಿ?”

“ನೀನೇ ಹೊಲಿದದ್ದು,” ಎಂದ ಗೋಡೆಗೆ. ಅವಳಿಗೆ ಅದು ಕೇಳಿಸುವಂತಿರಲಿಲ್ಲ.

ತಂಗಿ ಬಗ್ಗಿ ನೋಡಿ, ಮುಂದೆ ಬಿಳಿ ಪಾಪ್ಲಿನ್ನು, ಹಿಂದೆ ಹಳೆಯ ಪರದೆಯ ಗುಲಾಬಿ ಹೂವು ಎಂದು ನಗುತ್ತ ವರದಿ ಕೊಟ್ಟಳು. ಕಾಣದ ಕಡೆಗೆ ಒಳ್ಳೆಯ ಬಟ್ಟೆ ಯಾಕೆಂದು ದೊಡ್ಡಮ್ಮನೇ ಉಳಿತಾಯ ಮಾಡಿದ್ದಳಂತೆ. ಕಾಣದಿದ್ದುದರಿಂದ ಮಾಡಿದ್ದೂ ಮರೆತುಹೋಗಿತ್ತು. “ಇದನ್ನ ಹಾಕ್ಕೊಂಡು ಪರ ಊರಿಗೆ ಹೋಗ್ತಾನಂತೆ! ಹೊಲಿದೋಳು ಯಾರು ಅಂತ ಕೇಳಲ್ವಾ? ಅಲ್ಲಾಡಬೇಡ.” ಕತ್ತರಿಯ ತಣ್ಣನೆಯ ತುದಿ ಹೆಗಲ ಹೊಲಿಗೆಯನ್ನು ಸವರುತ್ತ ಇಳಿಯಿತು. ಗುಲಾಬಿಗಳು ಕಳಚಿಬಿದ್ದವು. ಅವನ ಬೆನ್ನಿಗೆ ಗಾಳಿ ತಾಗಿತು. ಅಲ್ಲಿ ಒಂದು ಬೆನ್ನಿದೆಯೆಂದು, ಅದಕ್ಕೆ ಚಳಿಯಾಗುತ್ತದೆಂದು, ಅವನಿಗೆ ಹೊಸದಾಗಿ ತಿಳಿದುಬಂತು. ಬಾಯಲ್ಲಿ ಗುಂಡುಸೂಜಿಗಳನ್ನು ಕಚ್ಚಿಕೊಂಡು, ಮಾತಿಲ್ಲದೆ, ಅವಳು ಗರಿಗರಿಯಾದ ಹೊಸ ಪಾಪ್ಲಿನ್ನಿನ ತುಂಡನ್ನು ಅವನ ಮೈಮೇಲೆಯೇ ಅಳವಡಿಸಿ ಕೈಹೊಲಿಗೆ ಹಾಕತೊಡಗಿದಳು.

ಅವಳು ಹಿಂದೆ ಇದ್ದಾಳೆ, ತುಟಿ ಅವಳಿಗೆ ಕಾಣುವುದಿಲ್ಲ, ಹೇಳಿದರೆ ಕೇಳುವುದಿಲ್ಲ: ಈ ಮೂರೂ ಅವನಿಗೆ ಒಮ್ಮೆಗೇ ಹೊಳೆದವು. ಬಾಯಿ ಎಂಬುದು ಇಷ್ಟೊಂದು ಖಾಸಗಿ ಕೋಣೆಯಾಗಬಲ್ಲದೆಂದು ಅವನು ಅರಿತಿರಲಿಲ್ಲ. ಬಟಾಣಿ ಎಂದ, ಸುಮ್ಮನೆ, ಪರೀಕ್ಷೆಗೆಂದು. ಸೂಜಿ ತನ್ನ ಪಾಡಿಗೆ ನಡೆಯುತ್ತಿತ್ತು. ಆಮೇಲೆ ಮೆಲ್ಲನೆ, ಬಿರುಕುಗಳಿಗೆ ಹೇಳುವಂತೆ, “ದೊಡ್ಡಮ್ಮ, ನಾನು ಮತ್ತೆ ಬರೋದಿಲ್ಲ ಅನ್ಸುತ್ತೆ,” ಎಂದ.

ಅವಳ ಎಡಗೈ ಬಟ್ಟೆಯನ್ನು ಹಿಡಿದು ಅವನ ಬೆನ್ನಿನ ಮೇಲೆ ಪೂರಾ ಚಪ್ಪಟೆಯಾಗಿ ಒತ್ತಿತ್ತು. ಮಗ್ಗದ ಚೌಕಟ್ಟಿನ ಮೇಲೆ ಕೈಯಿಟ್ಟು ಅದರ ಅದುರಿನಿಂದಲೇ ಎಲ್ಲಿ ಎಳೆ ಹರಿದಿದೆಯೆಂದು ತಿಳಿಯುತ್ತಿದ್ದವಳ ಕೈ ಅದು. ಆ ಕೈ ನಿಂತಿತು. ಒಂದು ಉಸಿರು ಒಳಗೆ ಹೋಗಿ ಹೊರಗೆ ಬರುವಷ್ಟು ಹೊತ್ತು ನಿಂತಿತು. ಆಮೇಲೆ ಸೂಜಿ ಮತ್ತೆ ಹೊರಟಿತು, ಮೊದಲಿಗಿಂತ ನಿಧಾನವಾಗಿ, ಹೊಲಿಗೆಗಳು ಮೊದಲಿಗಿಂತ ಒತ್ತೊತ್ತಾಗಿ. ದಾರವನ್ನು ಹಲ್ಲಿನಿಂದ ಕಡಿದ ಸದ್ದು ಕತ್ತಿನ ಬುಡದಲ್ಲಿ ಕೇಳಿಸಿತು.

“ಆಯ್ತು. ಹೋಗು,” ಎಂದಳು. ಅವಳ ಕುರ್ಚಿ ನೆಲವನ್ನು ಕೆರೆದುಕೊಂಡು ತಿರುಗಿತು; ಕಿಟಕಿಯ ಕಡೆಗಿರಬೇಕು. “ಎಲಾ, ಇಲ್ಲೊಂದು ಕಟ್ಟಡ ಎದ್ದಿದೆಯಲ್ಲೇ!” ಎಂದು ಮಗಳಿಗೆ ಹೇಳುತ್ತಿರುವುದು ಕೇಳಿಸಿತು.

ಅವನು ಪೆಟ್ಟಿಗೆಯನ್ನು ಮುಂದೆ ಎಳೆದುಕೊಂಡು, ತುಂಬಿದ್ದನ್ನೆಲ್ಲ ಸುರಿದು, ಈಗ ಕಣ್ಣಾರೆ ನೋಡಿ ಬೇರೆ ತುಂಬಿದ: ಎರಡು ಅಂಗಿ, ಒಂದು ಪಂಚೆ, ಹಲ್ಲುಜ್ಜುವ ಬ್ರಷ್ಷು, ರಟ್ಟು ಕಿತ್ತುಹೋದ ಒಂದು ಪತ್ತೇದಾರಿ ಕಾದಂಬರಿ. ಭಾವಮೈದುನನೆಂದು ಇದೀಗ ತಿಳಿದುಬಂದವನು ಪೆಟ್ಟಿಗೆಗೆ ಹಗ್ಗ ಬಿಗಿದು ಕೊಟ್ಟ. ಬೀದಿ ಅವನಿಗೆ ಎದುರಾಗಿ ಬಂತು. ಮುಖ ಮುಂದಾಗಿ ಪೂರ್ವಕ್ಕೆ ನಡೆಯುವುದನ್ನು ಅರಿಯದ ಕಾಲುಗಳು ಎರಡು ಸಲ ಒಂದಕ್ಕೊಂದು ತೊಡರಿದವು. ಮಂದಿರದ ಮುಂದೆ ಎಂಜಿನ್ನು ಗುರುಗುಟ್ಟುತ್ತಿತ್ತು. ಚಾಲಕ ಬೀಡಿ ಎಸೆದು, “ಹತ್ತಿ, ಹತ್ತಿ. ಒರಗಿ ಕೂತ್ಕೊಳ್ಳಿ, ದೂರ ಇದೆ,” ಎಂದ. ಅವನು ಹತ್ತಿ, ಪೆಟ್ಟಿಗೆಯನ್ನು ಕಾಲ ಬಳಿ ಇಟ್ಟು, ಸೀಟಿಗೆ ಒರಗಿದೊಡನೆ ಎರಡು ಹೆಗಲ ಮೂಳೆಗಳ ನಡುವೆ ಚುಳ್ಳೆಂದಿತು. ಒಂದು ಗುಂಡುಸೂಜಿ ಉಳಿದಿತ್ತು. ಮರೆತದ್ದೋ, ಬಿಟ್ಟದ್ದೋ. ಕೈ ಹಿಂದಕ್ಕೆ ಹೋಗಿ ಅದರ ತಲೆಯನ್ನು ಮುಟ್ಟಿ ನೋಡಿ, ತೆಗೆಯದೆ ಮರಳಿತು. ವ್ಯಾನು ಹೊರಟಿತು. ಅವನು ನೆಟ್ಟಗೆ, ಎಲ್ಲಿಯೂ ಒರಗದೆ, ಮುಂದಿನ ಗಾಜನ್ನೇ ನೋಡುತ್ತ ಕುಳಿತ.